ಲೈಬ್ರರಿಯ ಮಾತು ಅರ್ಥವಾಗದೆ ಎರಡು ಸಲ ಬರಿಗೈಯಲ್ಲಿ ಬಂದೆ. ‘ರೆಫರೆನ್ಸ್’ ಅಂದರೆ ನಿಜಕ್ಕೂ ಯಾವುದು?

ಚನ್ನರಾಯಪಟ್ಟಣದವಳು
ಸೋಮವಾರ, ಸಂಜೆ 6:12

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸ ಎಂ.ಎ. ಎರಡನೇ ವರ್ಷ. ಕೊನೆಯ ಸೆಮಿಸ್ಟರಿಗೆ ಒಂದು ಡಿಸರ್ಟೇಶನ್ ಬರೆಯಬೇಕು, ಎಂಬತ್ತು ಪುಟ. ವಿಷಯ 1876–78ರ ಬರ, ನಮ್ಮ ಮೈಸೂರು ಸೀಮೆಯಲ್ಲಿ ಆಗಿದ್ದು. ತಟ್ಟೆಯಲ್ಲಿ ಮುದ್ದೆ ಬಿಟ್ಟರೆ ನಮ್ಮಜ್ಜಿ ಈಗಲೂ "ಧಾತು ಈಶ್ವರದಲ್ಲಿ ಹುಟ್ಬೇಕಿತ್ತು ಕಣೆ ನೀನು" ಅಂತ ಬೈಯುತ್ತಾರೆ. ಅವು ಎರಡು ಸಂವತ್ಸರಗಳ ಹೆಸರು, ಆ ಬರ ಬಿದ್ದ ವರ್ಷಗಳು ಅಂತ ನನಗೆ ಗೊತ್ತಾಗಿದ್ದು ಡಿಗ್ರಿಗೆ ಬಂದ ಮೇಲೆ. ಹಾಗಾಗಿ ಈ ವಿಷಯವೇ ಇರಲಿ ಅಂತ ಹಟ ಹಿಡಿದು ತೆಗೆದುಕೊಂಡೆ.

ನಮ್ಮ ಗೈಡ್ ಮೇಡಂ ಒಂದೇ ಮಾತು ಹೇಳಿ ಕಳಿಸಿದರು: "ರೆಫರೆನ್ಸ್ ಇಲ್ಲದೆ ಒಂದು ಸಾಲೂ ಬರೀಬೇಡ." ಸರಿ ಅಂತ ದೊಡ್ಡ ಲೈಬ್ರರಿಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಹುಡುಕಿ, ಸಿಕ್ಕ ಪುಸ್ತಕದ ನಂಬರನ್ನು ಅಂಗೈಯಲ್ಲಿ ಬರೆದುಕೊಂಡೆ. 41276. ರ‍್ಯಾಕ್ ರ‍್ಯಾಕ್ ಸುತ್ತಿದೆ. ಒಂದು ಪುಸ್ತಕದ ಬೆನ್ನ ಮೇಲೂ ಆ ಥರದ ನಂಬರ್ ಇಲ್ಲ. ಎಲ್ಲದರಲ್ಲೂ ನಡುವೆ ಒಂದು ಚುಕ್ಕಿ. ಕೌಂಟರಿನಲ್ಲಿ ಕೇಳಿದರೆ, "ಇದು ಅಕ್ಸೆಷನ್ ನಂಬರಮ್ಮ, ಕಾಲ್ ನಂಬರ್ ಹೇಳಿ" ಅಂದರು. ನಾನು ನನ್ನ ಮೊಬೈಲ್ ನಂಬರ್ ಹೇಳಿದೆ. ಹೌದು, ನಿಜವಾಗಿ ಹೇಳಿದೆ. ಹಿಂದೆ ನಿಂತಿದ್ದವರೆಲ್ಲ ನಕ್ಕರು.

ಮಾರನೇ ದಿನ ಪುಸ್ತಕ ಸಿಕ್ಕಿತು. ಕೌಂಟರಿಗೆ ಒಯ್ದರೆ "ಇದು ರೆಫರೆನ್ಸ್, ಕೊಡಲ್ಲ" ಅಂದರು. "ಹೌದು ಸರ್, ನನಗೂ ರೆಫರೆನ್ಸೇ ಬೇಕಾಗಿರೋದು" ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಒಂದು ಹಳೆಯ ಪತ್ರಿಕೆಯ ಲೇಖನ ಕೇಳಿದೆ. "ಯಾವ ಇಶ್ಯೂ?" ಅಂದರು. "ಇಶ್ಯೂ ಇಲ್ಲ ಅಂತ ನೀವೇ ಅಂದ್ರಲ್ಲ ಸರ್" ಅಂದೆ. ಅಷ್ಟು ಹೊತ್ತಿಗೆ ನನಗೆ ಅಳು ಬರುವ ಹಾಗಿತ್ತು. ಬ್ಯಾಗ್ ತೆಗೆದುಕೊಂಡು ಬಸ್ ಹತ್ತಿಬಿಟ್ಟೆ.

ಇಂಟರ್ನೆಟ್ಟಿನಲ್ಲಿ ಇವಕ್ಕೆಲ್ಲ ಅರ್ಥ ಸಿಗುತ್ತೆ, ಗೊತ್ತು. ಓದಿದೆ. ಓದಿದ ಮೇಲೆ ಇನ್ನೂ ಜಾಸ್ತಿ ಗೊಂದಲ. ಅಕ್ಸೆಷನ್ ನಂಬರ್, ಕಾಲ್ ನಂಬರ್, ಐಎಸ್‌ಬಿಎನ್, ಒಂದು ಪುಸ್ತಕಕ್ಕೆ ಇಷ್ಟೊಂದು ನಂಬರ್ ಯಾಕೆ? ಪ್ರೈಮರಿ, ಸೆಕೆಂಡರಿ ಸೋರ್ಸ್ ಅಂದರೆ ಹಳೆಯದು, ಹೊಸದು ಅಂತಲೇ? ಹುಡುಕುವಾಗ ಆ್ಯಂಡ್, ಆರ್ ಹಾಕಿ ಅಂತಾರಲ್ಲ, ಅದು ಏನು ಮಾಡುತ್ತೆ? ಯಾರಾದರೂ ನಮ್ಮ ಭಾಷೆಯಲ್ಲಿ, ನಿಧಾನವಾಗಿ ಹೇಳಿ. ನಾನು ಹಸು ಕಟ್ಟುವ ಮನೆಯವಳು, ದಡ್ಡಿಯಲ್ಲ. ಲೈಬ್ರರಿ ಅಂತ ಒಂದನ್ನು ನೋಡಿದ್ದೇ ತಡವಾಗಿ, ಅಷ್ಟೇ.


ಹಳೇ ಕೌಂಟರ್
ಸೋಮವಾರ, ರಾತ್ರಿ 9:40

ತಾಯಿ, ಮೊಬೈಲ್ ನಂಬರ್ ಹೇಳಿದವಳು ನೀನೇ ಮೊದಲಲ್ಲ. ನಾನು ಒಂದು ಸರ್ಕಾರಿ ಕಾಲೇಜಿನ ಲೈಬ್ರರಿ ಕೌಂಟರಿನಲ್ಲಿ 1986ರಿಂದ ಕೂತವನು. ಅಟೆಂಡರ್ ಆಗಿ ಸೇರಿ, ಅಸಿಸ್ಟೆಂಟ್ ಆಗಿ 2021ರಲ್ಲಿ ನಿವೃತ್ತಿ. ಮೊಬೈಲ್ ಬರುವ ಮುಂಚೆ ಹುಡುಗರು ಹಾಸ್ಟೆಲ್ ರೂಂ ನಂಬರ್ ಹೇಳುತ್ತಿದ್ದರು. ನಗುವ ಕೌಂಟರಿನವರ ಮೇಲೆ ನನಗೆ ಸಿಟ್ಟಿದೆ. ಆದರೆ ಒಪ್ಪಿಕೊಳ್ಳುತ್ತೇನೆ, ಮೊದಲ ಕೆಲವು ವರ್ಷ ನಾನೂ ನಕ್ಕಿದ್ದೇನೆ.

ಹಸು ಕಟ್ಟುವ ಮನೆ ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಹಸುವಿನ ಕಿವಿಗೆ ಹಳದಿ ಬಿಲ್ಲೆ ಹಾಕಿದ್ದಾರಲ್ವಾ? ಅದರ ಮೇಲೆ ಒಂದು ನಂಬರ್. ಆ ನಂಬರ್ ಆ ಒಂದು ಹಸುವಿಗೆ ಮಾತ್ರ. ಪಕ್ಕದಲ್ಲಿ ಅದರ ಹಾಗೇ ಇರುವ ಇನ್ನೊಂದು ಹಸು ಇದ್ದರೂ ಅದಕ್ಕೆ ಬೇರೆ ಬಿಲ್ಲೆ. ಅಕ್ಸೆಷನ್ ನಂಬರ್ ಅಂದರೆ ಅದೇ. ಪುಸ್ತಕ ಲೈಬ್ರರಿಗೆ ಬಂದ ದಿನ ಒಂದು ದಪ್ಪ ರಿಜಿಸ್ಟರಿನಲ್ಲಿ ಸಾಲಾಗಿ ಬರೆಯುತ್ತೇವೆ. ಯಾವ ಅಂಗಡಿಯಿಂದ ಬಂತು, ಬಿಲ್ ಎಷ್ಟು, ಯಾವ ವರ್ಷದ್ದು ಎಲ್ಲ. ಆ ಸಾಲಿನ ನಂಬರೇ 41276. ಒಂದೇ ಪುಸ್ತಕದ ಐದು ಪ್ರತಿ ಬಂದರೆ ಐದು ನಂಬರ್. ಅದನ್ನು ಹೆಸರಿನ ಪುಟದ ಹಿಂದೆ ಬರೆಯುತ್ತೇವೆ, ಜೊತೆಗೆ ಒಳಗೆ ಒಂದು ಗುಟ್ಟಿನ ಪುಟದಲ್ಲೂ ಬರೆದು ಸೀಲ್ ಹಾಕುತ್ತೇವೆ. ಕದ್ದವನು ಮೊದಲ ಪುಟ ಹರಿದರೂ ಪುಸ್ತಕ ನಮ್ಮದೇ ಅಂತ ಗೊತ್ತಾಗಲಿ ಅಂತ. ನಮ್ಮಲ್ಲಿ ಗುಟ್ಟಿನ ಪುಟ ಯಾವುದು ಅಂತ ನಿವೃತ್ತನಾದ ಮೇಲೂ ಹೇಳುವುದಿಲ್ಲ, ಕೇಳಬೇಡ.

ಅಕ್ಸೆಷನ್ ನಂಬರ್ ಇಟ್ಟುಕೊಂಡು ರ‍್ಯಾಕಿನಲ್ಲಿ ಹುಡುಕುವುದು ಅಂದರೆ, ಕಿವಿಯ ಬಿಲ್ಲೆಯ ನಂಬರ್ ಹಿಡಿದು ತಾಲ್ಲೂಕೆಲ್ಲ ಸುತ್ತಿದ ಹಾಗೆ. ಯಾವ ಊರು, ಯಾವ ಕೊಟ್ಟಿಗೆ ಅಂತ ಅದು ಹೇಳುವುದಿಲ್ಲ. ಕೊಟ್ಟಿಗೆ ಹೇಳುವುದು ಕಾಲ್ ನಂಬರ್. ಪುಸ್ತಕದ ಬೆನ್ನಿನ ಚೀಟಿಯ ಮೇಲೆ ಇರುತ್ತಲ್ಲ, ಅದು. ಹಿಂದೆ ಓದುಗರನ್ನು ರ‍್ಯಾಕಿನ ಹತ್ತಿರ ಬಿಡುತ್ತಿರಲಿಲ್ಲ. ಚೀಟಿಯಲ್ಲಿ ಆ ನಂಬರ್ ಬರೆದುಕೊಟ್ಟು ಪುಸ್ತಕವನ್ನು ‘ಕರೆಸಬೇಕು’. ಹಾಗಾಗಿ ಕಾಲ್.

ಅದರಲ್ಲಿ ಎರಡು ಭಾಗ. ಮೇಲಿನದು ಕ್ಲಾಸ್ ನಂಬರ್, ಅಂದರೆ ವಿಷಯ. ಕೆಳಗಿನದು ಬುಕ್ ನಂಬರ್, ಸಾಮಾನ್ಯವಾಗಿ ಲೇಖಕರ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರ. ನಮ್ಮ ಕಡೆ ಹೆಚ್ಚಿನ ಕಾಲೇಜುಗಳಲ್ಲಿ ಇರುವುದು ಡ್ಯೂಯಿ ಎಂಬಾತನ ದಶಮಾಂಶ ಪದ್ಧತಿ. ಲೋಕದ ವಿಷಯವನ್ನೆಲ್ಲ ಹತ್ತು ಪಾಲು ಮಾಡಿ, ಒಂದೊಂದು ಪಾಲನ್ನು ಮತ್ತೆ ಹತ್ತು ಮಾಡುತ್ತಾ ಹೋಗುವುದು. ಅದು ಮೊದಲು ಅಚ್ಚಾಗಿದ್ದು 1876ರಲ್ಲಿ. ನಿನ್ನ ಬರ ಶುರುವಾದ ವರ್ಷವೇ! ಅಮೆರಿಕದಲ್ಲಿ ಒಬ್ಬ ಪುಸ್ತಕಕ್ಕೆ ಸಾಲು ಹಾಕುತ್ತಿದ್ದಾಗ ಇಲ್ಲಿ ಜನ ಗಂಜಿಗೆ ಸಾಲು ನಿಂತಿದ್ದರು. ಇರಲಿ.

ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯ 894.814. ಕರ್ನಾಟಕದ ಇತಿಹಾಸ 954.87. ಈಗ ಒಂದು ಪರೀಕ್ಷೆ: 954.9 ಎಲ್ಲಿರುತ್ತೆ, 954.87ಕ್ಕೆ ಮೊದಲೋ ಆಮೇಲೋ? ಹತ್ತು ಜನರಲ್ಲಿ ಒಂಬತ್ತು ಜನ ಮೊದಲು ಅಂತಾರೆ, ಒಂಬತ್ತಕ್ಕಿಂತ ಎಂಬತ್ತೇಳು ದೊಡ್ಡದು ಅಂತ. ತಪ್ಪು. ಚುಕ್ಕಿಯ ಆಚೆ ಇರುವುದನ್ನು ಎಂಬತ್ತೇಳು ಅಂತ ಓದಬಾರದು. ಎಂಟು, ಆಮೇಲೆ ಏಳು ಅಂತ ಓದಬೇಕು. ಒಂಬತ್ತು ಎಂಟರ ನಂತರ. ಈ ಒಂದು ವಿಷಯ ಗೊತ್ತಿಲ್ಲದೆ "ಪುಸ್ತಕ ಇಲ್ಲ ಸರ್" ಅಂತ ವಾಪಸ್ ಬಂದವರನ್ನು ನಾನು ಲೆಕ್ಕ ಇಟ್ಟಿಲ್ಲ.

ಇನ್ನೊಂದು ಸಂಗತಿ ನಿನಗೆ ಮುಖ್ಯ. ಪುಸ್ತಕಕ್ಕೆ ಒಂದೇ ಮೈ, ಹಾಗಾಗಿ ಒಂದೇ ಜಾಗ. ಬರದ ಪುಸ್ತಕವನ್ನು ಒಬ್ಬರು ಇತಿಹಾಸ ಅಂತ 954.87ರಲ್ಲಿ ಇಡುತ್ತಾರೆ. ಇನ್ನೊಬ್ಬರು ಆಹಾರದ ಸಮಸ್ಯೆ ಅಂತ 363.8ರಲ್ಲಿ ಇಡುತ್ತಾರೆ. ಬ್ರಿಟಿಷ್ ಕಾಲದ ಅಧಿಕಾರಿ ರೈಸ್ ಸಾಹೇಬರು ಸೀಮೆಯ ವಿವರವನ್ನೆಲ್ಲ ಬರೆದಿಟ್ಟ ಮೈಸೂರು ಗೆಜೆಟಿಯರ್ ಬಹಳ ಕಡೆ 915.487, ಅದು ಭೂಗೋಳದ ಮನೆ. ಮೂರೂ ಬೇರೆ ಬೇರೆ ರ‍್ಯಾಕ್. ಒಂದು ರ‍್ಯಾಕ್ ನೋಡಿ ಮುಗಿಯಿತು ಅಂದುಕೊಳ್ಳಬೇಡ. ಕ್ಯಾಟಲಾಗಿನಲ್ಲಿ, ಅಂದರೆ ನೀನು ಕಂಪ್ಯೂಟರಿನಲ್ಲಿ ಹುಡುಕಿದ ಪುಸ್ತಕಗಳ ಪಟ್ಟಿಯಲ್ಲಿ, ‘ಸಬ್ಜೆಕ್ಟ್’ ಅಂತ ಇನ್ನೊಂದು ಸಾಲು ಇರುತ್ತೆ. ಅದು ಚದುರಿದ ಈ ಮೂರನ್ನೂ ಒಂದೇ ಹೆಸರಿನಡಿ ಸೇರಿಸುತ್ತೆ. ಒಂದು ಒಳ್ಳೆಯ ಪುಸ್ತಕ ಸಿಕ್ಕಿದರೆ ಅದರ ಸಬ್ಜೆಕ್ಟ್ ಸಾಲಿನ ಮೇಲೆ ಒತ್ತು, ಅದರ ನೆಂಟರೆಲ್ಲ ಬರುತ್ತಾರೆ.

ಐಎಸ್‌ಬಿಎನ್ ಲೈಬ್ರರಿಯದ್ದಲ್ಲ, ಪ್ರಕಾಶಕರು ಪುಸ್ತಕಕ್ಕೆ ಹಾಕುವ ಗುರುತು. ಹದಿಮೂರು ಅಂಕಿ, 2007ಕ್ಕೆ ಮುಂಚೆ ಹತ್ತು. ನೀನು ಹುಡುಕುವ ಹಳೆಯ ಪುಸ್ತಕಗಳ ಕಾಲಕ್ಕೆ ಅದು ಹುಟ್ಟೇ ಇರಲಿಲ್ಲ, ಮರೆತುಬಿಡು.

ಈಗ ರೆಫರೆನ್ಸ್. ತಪ್ಪು ನಿನ್ನದಲ್ಲ, ಆ ಪದದ್ದು. ನಮ್ಮ ಕೌಂಟರಿನಲ್ಲಿ ರೆಫರೆನ್ಸ್ ಅಂದರೆ ಅಲ್ಲೇ ಕೂತು ನೋಡಬೇಕಾದ ಪುಸ್ತಕ: ನಿಘಂಟು, ಗೆಜೆಟಿಯರ್, ವಿಶ್ವಕೋಶ. ಮನೆಗಿಲ್ಲ. ನಿಮ್ಮ ಮೇಡಂ ಬಾಯಲ್ಲಿ ರೆಫರೆನ್ಸ್ ಅಂದರೆ ‘ಈ ಮಾತು ನನಗೆ ಎಲ್ಲಿಂದ ಸಿಕ್ಕಿತು’ ಅಂತ ಬರೆಯುವ ಉಲ್ಲೇಖ. ಹಾಗೇ ಇಶ್ಯೂ ಅಂದರೆ ಕೌಂಟರಿನಲ್ಲಿ ಪುಸ್ತಕ ಕೊಡುವುದು, ಪತ್ರಿಕೆ ವಿಭಾಗದಲ್ಲಿ ಸಂಚಿಕೆ. ವಾಲ್ಯೂಮ್ ಅಂದರೆ ಒಮ್ಮೆ ಗೆಜೆಟಿಯರಿನ ಎರಡನೇ ಭಾಗ, ಇನ್ನೊಮ್ಮೆ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳ ಕಟ್ಟು. ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಇಟ್ಟರೆ ಬ್ಯಾಕ್ ವಾಲ್ಯೂಮ್. "ಬೈಂಡಿಂಗಿಗೆ ಹೋಗಿದೆ" ಅಂದರೆ ಎರಡು ಅರ್ಥ: ನಿಜವಾಗಿ ಬೈಂಡಿಂಗಿಗೆ ಹೋಗಿದೆ, ಇಲ್ಲವೇ ಎಲ್ಲಿದೆ ಅಂತ ನಮಗೂ ಗೊತ್ತಿಲ್ಲ. ಎರಡನೆಯದು ಅನ್ನಿಸಿದರೆ ವಾರ ಬಿಟ್ಟು ಮತ್ತೆ ಕೇಳು.

ಉಳಿದದ್ದು ನಾಳೆ. ಕಣ್ಣು ಉರಿಯುತ್ತಿದೆ.


ಕಡತದ ಧೂಳು
ಮಂಗಳವಾರ, ಬೆಳಿಗ್ಗೆ 7:55

ಹಳೇ ಕೌಂಟರ್ ಅವರೇ, ಗುಟ್ಟಿನ ಪುಟದ ವಿಷಯ ನನಗೂ ಈವತ್ತೇ ಗೊತ್ತಾಯಿತು. ಪಿಎಚ್‌ಡಿ ಮಾಡುತ್ತಾ ಆರು ವರ್ಷ ಆಯಿತು, ನಾಚಿಕೆ.

ಪ್ರೈಮರಿ, ಸೆಕೆಂಡರಿ ಬಗ್ಗೆ ನಾನು ಹೇಳುತ್ತೇನೆ. ಕನ್ನಡದಲ್ಲಿ ಇದಕ್ಕೆ ‘ಆಕರ’ ಅನ್ನುತ್ತೇವೆ. ಆಕರ ಅಂದರೆ ಗಣಿ. ಹಳೆಯದು, ಹೊಸದು ಅನ್ನುವ ಲೆಕ್ಕ ಅಲ್ಲ ಇದು. ನೆಲದಿಂದ ಎತ್ತಿದ ಅದಿರೋ, ಯಾರೋ ಕರಗಿಸಿ ಕೊಟ್ಟ ಲೋಹವೋ ಅನ್ನುವ ಲೆಕ್ಕ. ಮೈಸೂರು ಸೀಮೆಯ 1871ರ ಜನಗಣತಿಯಲ್ಲಿ 50,55,412 ಜನ. 1881ರದ್ದರಲ್ಲಿ 41,86,188. ಆ ಎರಡು ವರದಿಗಳು ನಿಮಗೆ ಅದಿರು. ಆ ಅಂಕಿಗಳನ್ನು ಇಟ್ಟುಕೊಂಡು ಇಷ್ಟು ಜನ ಯಾಕೆ ಕಡಿಮೆಯಾದರು ಅಂತ ಆಮೇಲೆ ಒಬ್ಬರು ಬರೆದ ಪುಸ್ತಕ ಎರಡನೆಯ ಆಕರ. ವಿಶ್ವಕೋಶದಲ್ಲಿ ಬರುವ ಅರ್ಧ ಪುಟ ಮೂರನೆಯದು. ಓದುವಾಗ ಮೂರರಿಂದ ಶುರು ಮಾಡಿ, ಬರೆಯುವಾಗ ಒಂದರ ಮೇಲೆ ನಿಲ್ಲಿ.

ಗಡಿ ಇಷ್ಟು ನೇರವಾಗಿಲ್ಲ ಅನ್ನುವುದೂ ಗೊತ್ತಿರಲಿ. ವಿಲಿಯಂ ಡಿಗ್ಬಿ ಅಂತ ಒಬ್ಬರು ದಕ್ಷಿಣ ಭಾರತದ ಈ ಬರದ ಬಗ್ಗೆ 1878ರಲ್ಲೇ ಎರಡು ಸಂಪುಟ ಬರೆದರು, ಮೈಸೂರೂ ಅದರಲ್ಲಿದೆ. ಅವರು ಮದ್ರಾಸಿನ ಪತ್ರಿಕೆಯೊಂದರ ಸಂಪಾದಕರು, ಬರ ಪರಿಹಾರ ಸಮಿತಿಯ ಗೌರವ ಕಾರ್ಯದರ್ಶಿ ಕೂಡ. ಬರದಲ್ಲಿ ಏನಾಯಿತು ಅಂತ ನೀವು ಕೇಳಿದರೆ, ಬೇರೆಯವರ ವರದಿಗಳನ್ನು ಸೇರಿಸಿ ಬರೆದ ಆ ಪುಸ್ತಕ ಬಹುಪಾಲು ಎರಡನೆಯ ಆಕರ. ಪರಿಹಾರ ಕೊಟ್ಟವರು ಬರವನ್ನು ಹೇಗೆ ನೋಡಿದರು ಅಂತ ಕೇಳಿದರೆ ಅದೇ ಪುಸ್ತಕ ಮೊದಲನೆಯ ಆಕರ. ಪುಸ್ತಕ ಬದಲಾಗಲಿಲ್ಲ, ನಿಮ್ಮ ಪ್ರಶ್ನೆ ಬದಲಾಯಿತು. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಇದನ್ನು ಕೇಳಿಯೇ ಕೇಳುತ್ತಾರೆ.

ನಿಮ್ಮ ಅಜ್ಜಿಯ ಬೈಗುಳ? ಅದೂ ಆಕರವೇ. ಬರ ಹೇಗಿತ್ತು ಅನ್ನುವುದಕ್ಕಲ್ಲ, ಅದರ ನೆನಪು ಹಾಸನ ಜಿಲ್ಲೆಯ ಊಟದ ತಟ್ಟೆಯವರೆಗೂ ಬಂದಿದೆ ಅನ್ನುವುದಕ್ಕೆ. ಯಾವ ದಿನ, ಯಾವ ಊರಿನಲ್ಲಿ, ಯಾರಿಂದ ಕೇಳಿದ್ದು ಅಂತ ಬರೆದಿಟ್ಟುಕೊಳ್ಳಿ.

ಇನ್ನು ಪತ್ರಾಗಾರ, ಅಂದರೆ ಸರ್ಕಾರದ ಹಳೆಯ ಕಡತಗಳನ್ನು ಇಡುವ ಜಾಗ. ಅಲ್ಲಿ ಕಾಲ್ ನಂಬರ್ ಇಲ್ಲ, ಡ್ಯೂಯಿಯೂ ಇಲ್ಲ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ "ಬರದ ಬಗ್ಗೆ ಏನಿದೆ?" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಕಡತಗಳನ್ನು ವಿಷಯದ ಮೇಲೆ ಜೋಡಿಸಿರುವುದಿಲ್ಲ. ಯಾವ ಇಲಾಖೆ ಬರೆಯಿತೋ ಆ ಇಲಾಖೆಯ ಹೆಸರಿನಲ್ಲಿ, ವರ್ಷದ ಸಾಲಿನಲ್ಲಿ ಇರುತ್ತವೆ. ಆಗ ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು, 1831ರಿಂದ 1881ರವರೆಗೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಬರ ಬಿದ್ದಾಗ ಯಾವ ಅಧಿಕಾರಿ ಯಾರಿಗೆ ಕಾಗದ ಬರೆದಿರುತ್ತಾನೆ? ಕಂದಾಯ ಮನ್ನಾ ಆದರೆ ರೆವಿನ್ಯೂ. ಕೆರೆ, ರಸ್ತೆ ಕೆಲಸಕ್ಕೆ ಜನರನ್ನು ಹಾಕಿದ್ದರೆ ಲೋಕೋಪಯೋಗಿ. ಕಳ್ಳತನ ಹೆಚ್ಚಾಗಿದ್ದರೆ ಪೊಲೀಸ್, ಜೈಲು. ಅಲ್ಲಿನ ಸೂಚಿ ಪುಸ್ತಕ ಕೇಳಿ ಪಡೆದು, ಸುಮ್ನೆ ಎರಡು ದಿನ ಅದನ್ನೇ ಓದಿ. ಕಡತ ಮುಟ್ಟುವ ಮುಂಚೆ.


ಚನ್ನರಾಯಪಟ್ಟಣದವಳು
ಮಂಗಳವಾರ, ಮಧ್ಯಾಹ್ನ 1:30

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಿವಿಯ ಬಿಲ್ಲೆ ಇನ್ನು ಜನ್ಮದಲ್ಲಿ ಮರೆಯಲ್ಲ. ಅಮ್ಮನಿಗೆ ಓದಿ ಹೇಳಿದೆ, "ನಮ್ ಗೌರಿದು ಬಿದ್ದೋಗದೆ, ಡಾಕ್ಟ್ರಿಗೆ ಹೇಳ್ಬೇಕು" ಅಂದರು.

ಈವತ್ತು ಕಾಲೇಜಿನ ಕಂಪ್ಯೂಟರಿನಲ್ಲಿ ಮತ್ತೆ ಹುಡುಕಿದೆ. ಕ್ಯಾಟಲಾಗಿನಲ್ಲಿ ‘ಬರ’ ಅಂತ ಕನ್ನಡದಲ್ಲಿ ಹೊಡೆದರೆ ಏನೂ ಬರಲಿಲ್ಲ. ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕು ಅಂತ ಗೆಳತಿ ಹೇಳಿದಳು. ಹಾಕಿ ಇಂಟರ್ನೆಟ್ಟಿನ ಇನ್ನೊಂದು ಕಡೆ ನೋಡಿದೆ. ಬರಹ, ಬರವಣಿಗೆ, ಬರಗೂರು ಎಲ್ಲ ಬಂತು. ಬರ ಮಾತ್ರ ಬರಲಿಲ್ಲ.


ಹಳೇ ಕೌಂಟರ್
ಮಂಗಳವಾರ, ರಾತ್ರಿ 8:20

ಗೌರಿಗೆ ಮೊದಲು ಬಿಲ್ಲೆ ಹಾಕಿಸಿ. ನಮ್ಮಲ್ಲೂ ಬೆನ್ನ ಚೀಟಿ ಉದುರಿದ ಪುಸ್ತಕ ಅಂದರೆ ಇದ್ದೂ ಇಲ್ಲದ ಹಾಗೆ.

ನಿನ್ನ ಗೆಳತಿ ಹೇಳಿದ ನಕ್ಷತ್ರಕ್ಕೆ ಟ್ರಂಕೇಷನ್ ಅಂತಾರೆ. ಪದದ ಬುಡ ಕೊಟ್ಟು, ಮುಂದೆ ಏನು ಬೇಕಾದರೂ ಚಿಗುರಲಿ ಅನ್ನುವುದು. ಇಂಗ್ಲಿಷಿಗೆ ಚೆನ್ನಾಗಿ ಒಗ್ಗುತ್ತೆ. ಕನ್ನಡದಲ್ಲಿ ಅದು ಬೇಕೇ ಬೇಕು, ಯಾಕೆಂದರೆ ಬರದ, ಬರಕ್ಕೆ, ಬರಗಾಲ ಅಂತ ಬಾಲ ಬೆಳೆಯುತ್ತಲೇ ಇರುತ್ತೆ. ಆದರೆ ಎರಡಕ್ಷರದ ಬುಡಕ್ಕೆ ಹಾಕಿದರೆ ಊರೆಲ್ಲ ಬರುತ್ತೆ. ‘ಬರಗಾಲ’ ಅಂತ ಉದ್ದದ ಪದ ಕೊಡು. ‘ಕ್ಷಾಮ’ ಕೊಡು. ಇಂಗ್ಲಿಷಿನಲ್ಲಿ ಫ್ಯಾಮಿನ್ ಕೊಡು. ಆಗಿನ ಅಧಿಕಾರಿಗಳು ಎಷ್ಟೋ ಕಡೆ ಆ ಪದ ಬಳಸದೆ ‘ಸ್ಕೇರ್ಸಿಟಿ’ ಅಂತ ಮೆತ್ತಗೆ ಬರೆಯುತ್ತಿದ್ದರು, ಅದನ್ನೂ ಕೊಡು. ಧಾತು ಈಶ್ವರ ಅಂತಲೂ ನೋಡು, ಜನರ ಬಾಯಲ್ಲಿ ಉಳಿದ ಹೆಸರು ಅದೇ. ಒಂದೇ ಸಂಗತಿಗೆ ಇಷ್ಟು ಹೆಸರು. ಅದಕ್ಕೇ ಲೈಬ್ರರಿಯವರು ಎಲ್ಲಕ್ಕೂ ಒಂದೇ ಹೆಸರು ಗೊತ್ತು ಮಾಡಿ ಸಬ್ಜೆಕ್ಟ್ ಸಾಲಿನಲ್ಲಿ ಬರೆಯುವುದು. ನೀನು ಬಾಯಿಗೆ ಬಂದದ್ದು ಹೊಡೆದರೆ ಅದು ಕೀವರ್ಡ್. ಅವರು ಗೊತ್ತು ಮಾಡಿದ್ದು ಸಬ್ಜೆಕ್ಟ್ ಹೆಡಿಂಗ್.

ಕ್ಯಾಟಲಾಗಿನಲ್ಲಿ ಕನ್ನಡ ಹೊಡೆದರೆ ಏನೂ ಸಿಗದಿದ್ದಕ್ಕೆ ಕಾರಣ ಬೇರೆ ಇರಬಹುದು. ಬಹಳ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದ್ದಾರೆ. ಕೆಲವು ಕಡೆ ಯೂನಿಕೋಡ್ ಬರುವ ಮುಂಚಿನ ಹಳೆಯ ಫಾಂಟಿನಲ್ಲಿ ಹೊಡೆದಿಟ್ಟಿದ್ದಾರೆ. ಪರದೆಯ ಮೇಲೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಬರೀ ಇಂಗ್ಲಿಷ್ ಗೀಚು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೂ ಹೊಡೆದು ನೋಡು. ಅಲ್ಲಿ ಇನ್ನೊಂದು ತಮಾಷೆ: ಕ್ಷಾಮವೂ ಕ್ಷಮಾ ಅನ್ನುವುದೂ ಒಂದೇ ಥರ ಕಾಣುತ್ತವೆ. ಬರಗಾಲ ಕೇಳಿದವರಿಗೆ ಕ್ಷಮಾಗುಣದ ಪುಸ್ತಕ ಎಷ್ಟೋ ಸಲ ತೋರಿಸಿದೆ ನಮ್ಮ ಕಂಪ್ಯೂಟರ್.

ಹೆಸರಿನ ಕಷ್ಟ ಲೇಖಕರಿಗೂ ಇದೆ. ಬಿ. ಎಲ್. ರೈಸ್, ಲೂಯಿಸ್ ರೈಸ್, ಬೆಂಜಮಿನ್ ಲೂಯಿಸ್ ರೈಸ್, ಮೂರೂ ಒಬ್ಬರೇ. ಇ. ಪಿ. ರೈಸ್ ಬೇರೆಯವರು. ಕುವೆಂಪು ಅಂದರೂ ಕೆ. ವಿ. ಪುಟ್ಟಪ್ಪ ಅಂದರೂ ಒಬ್ಬರೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಹೇಳಿಕೊಡುವ ಆ ಪಟ್ಟಿಗೆ ಅಥಾರಿಟಿ ಫೈಲ್ ಅನ್ನುತ್ತಾರೆ. ಪಟ್ಟಿ ಸರಿ ಇಲ್ಲದ ಲೈಬ್ರರಿಯಲ್ಲಿ ಎಲ್ಲ ಹೆಸರಿನಿಂದಲೂ ನೀನೇ ಹುಡುಕಬೇಕು.

ಆ್ಯಂಡ್, ಆರ್. ಇದನ್ನು ನಾನು ಹೋಟೆಲಿನಿಂದಲೇ ಹೇಳಿಕೊಡುತ್ತಿದ್ದೆ. ಮಾಣಿಗೆ "ಉಪ್ಪಿಟ್ಟು ಮತ್ತು ಕೇಸರಿಬಾತ್" ಅಂದರೆ ತಟ್ಟೆ ತುಂಬುತ್ತೆ. ಕಂಪ್ಯೂಟರಿಗೆ ‘ಮತ್ತು’ ಅಂದರೆ ತಟ್ಟೆ ಖಾಲಿಯಾಗುತ್ತೆ. ಅದು ಏನು ಮಾಡುತ್ತೆ ಅಂದರೆ, ಹೋಟೆಲಿನಲ್ಲಿ ಕೂತವರ ಪೈಕಿ ಎರಡನ್ನೂ ತಿನ್ನುತ್ತಿರುವವರನ್ನು ಮಾತ್ರ ಎಬ್ಬಿಸಿ ನಿಲ್ಲಿಸುತ್ತೆ. ಚೌಚೌಬಾತ್ ಗಿರಾಕಿಗಳು ಮಾತ್ರ. ಆರ್ ಅಂದರೆ ಉಪ್ಪಿಟ್ಟಿನವರು, ಕೇಸರಿಬಾತಿನವರು, ಎರಡರವರು, ಎಲ್ಲರೂ ಏಳಬೇಕು. ನಾಟ್ ಅಂದರೆ ಉಪ್ಪಿಟ್ಟಿನವರು ಏಳಿ, ಆದರೆ ಕೇಸರಿಬಾತ್ ಮುಟ್ಟಿದವರು ಕೂತ್ಕೊಳ್ಳಿ. ನಾಟ್ ಹಾಕುವಾಗ ಜೋಪಾನ, ಒಳ್ಳೆಯ ಚೌಚೌಬಾತ್ ತಪ್ಪಿಹೋಗುತ್ತೆ. ನಿನಗೆ ಬೇಕಾದದ್ದು ಹೀಗೆ: ಆವರಣದೊಳಗೆ ಫ್ಯಾಮಿನ್ ಆರ್ ಸ್ಕೇರ್ಸಿಟಿ, ಆಮೇಲೆ ಆ್ಯಂಡ್, ಆಮೇಲೆ ಮೈಸೂರು. ಮೈಸೂರಿಗೆ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗೇ ಕೊಡು, ಆ ಕಾಲದವರು ಹಾಗೇ ಬರೆದಿದ್ದು.


ಮಲೆನಾಡ ಮೇಷ್ಟ್ರು
ಮಂಗಳವಾರ, ರಾತ್ರಿ 10:05

ಎಲ್ಲ ಚೆನ್ನಾಗಿದೆ. ಆದರೆ ಅಕ್ಸೆಷನ್, ಟ್ರಂಕೇಷನ್, ಅಥಾರಿಟಿ ಫೈಲ್... ಕನ್ನಡದಲ್ಲಿ ಪದಗಳೇ ಇಲ್ಲವೇ ಸ್ವಾಮಿ? ಪರಿಗ್ರಹಣ ಸಂಖ್ಯೆ, ವರ್ಗೀಕರಣ, ಪರಾಮರ್ಶನ ವಿಭಾಗ, ಎರವಲು ವಿಭಾಗ, ನಿಯತಕಾಲಿಕೆ. ನಮ್ಮ ನಗರ ಗ್ರಂಥಾಲಯದ ಬೋರ್ಡಿನಲ್ಲೇ ಬರೆದಿದ್ದಾರೆ. ಹುಡುಗಿಗೆ ಇವನ್ನು ಕಲಿಸಿ.


ಹಳೇ ಕೌಂಟರ್
ಬುಧವಾರ, ಬೆಳಿಗ್ಗೆ 6:30

ಮೇಷ್ಟ್ರೇ, ಬೋರ್ಡಿನಲ್ಲಿ ಇದೆ, ಬಾಯಲ್ಲಿ ಇಲ್ಲ. ಅವಳು ಹೋಗಿ "ಪರಿಗ್ರಹಣ ಸಂಖ್ಯೆ" ಅಂದರೆ ಕೌಂಟರಿನವರೂ ಮೊಬೈಲ್ ನಂಬರ್ ಹೇಳಿಬಿಡುತ್ತಾರೆ! ‘ಎರವಲು’ ಮಾತ್ರ ನನಗೆ ಇಷ್ಟ. ಎರವಲು ತಂದದ್ದು ವಾಪಸ್ ಕೊಡಬೇಕು ಅನ್ನುವುದು ಆ ಪದದಲ್ಲೇ ಇದೆ, ಇಶ್ಯೂ ಅನ್ನುವುದರಲ್ಲಿ ಇಲ್ಲ.

ಇನ್ನೊಂದು ಪದಕ್ಕೆ ನಾನು ಕೈ ಮುಗಿಯುತ್ತೇನೆ. ಪುಸ್ತಕದ ಕೊನೆಯಲ್ಲಿ ಬಿಬ್ಲಿಯಾಗ್ರಫಿ ಅಂತ ಹಾಕುತ್ತಾರಲ್ಲ, ಅದಕ್ಕೆ ನಮ್ಮ ಹಿರಿಯ ಸಂಶೋಧಕರು ‘ಗ್ರಂಥಋಣ’ ಅಂದರು. ಸಾಲದ ಪಟ್ಟಿ! ತಾಯಿ, ನಿನ್ನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಗೈಡ್ ಕೇಳುವ ರೆಫರೆನ್ಸ್ ಅಂದರೆ ಈ ಸಾಲಿನ ಈ ಮಾತನ್ನು ಯಾವ ಪುಸ್ತಕದ ಯಾವ ಪುಟದಿಂದ ತಂದೆ ಅನ್ನುವ ಲೆಕ್ಕ. ಗ್ರಂಥಋಣ ಅಂದರೆ ಒಟ್ಟು ಯಾರ ಯಾರ ಹತ್ತಿರ ಕೈ ಚಾಚಿದೆ ಅನ್ನುವ ಪಟ್ಟಿ. ಮೊದಲನೆಯದರಲ್ಲಿ ಪುಟ ಸಂಖ್ಯೆ ಇರಲೇಬೇಕು.

ಸಾಲದ ಪಟ್ಟಿಯಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. ಆವೃತ್ತಿ ಬೇರೆ, ಮರುಮುದ್ರಣ ಬೇರೆ. ರೈಸ್ ಗೆಜೆಟಿಯರನ್ನು ಪರಿಷ್ಕರಿಸಿ ಎರಡು ಸಂಪುಟವಾಗಿ ತಂದದ್ದು 1897ರಲ್ಲಿ. ಅದು ಆವೃತ್ತಿ, ಒಳಗಿನ ಮಾತು ಬದಲಾಗಿದೆ. ಈಚೆಗೆ ಅದನ್ನೇ ಇದ್ದ ಹಾಗೆ ಅಚ್ಚು ಹಾಕಿ ಮಾರಿದ್ದು ಮರುಮುದ್ರಣ. ಹುಡುಗರು ಮರುಮುದ್ರಣದ ವರ್ಷ ಮಾತ್ರ ಹಾಕುತ್ತಾರೆ. 1927ರಲ್ಲಿ ತೀರಿಕೊಂಡ ಮನುಷ್ಯ ಈಗಲೂ ಬೆಂಗಳೂರಿನ ಹವಾಮಾನ ಬರೆಯುತ್ತಾ ಕೂತ ಹಾಗೆ ಆಗುತ್ತೆ. ಎರಡು ವರ್ಷವನ್ನೂ ಬರೆ.

ಮೇಷ್ಟ್ರು ಮುನಿಸಿಕೊಳ್ಳದಿರಲಿ ಅಂತ ಒಂದು ನಮ್ಮೂರಿನ ಮಾತು. ಗ್ರಂಥಾಲಯ ವಿಜ್ಞಾನಕ್ಕೆ ಹೊಸ ಪದಗಳನ್ನೇ ಕಟ್ಟಿಕೊಟ್ಟ ಎಸ್. ಆರ್. ರಂಗನಾಥನ್ ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ಇಲ್ಲೇ ಒಂದು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸು ಅನ್ನುವುದು. ನಮ್ಮ ಕೌಂಟರಿನ ಹಿಂದೆ ಫ್ರೇಮ್ ಹಾಕಿಸಿ ತೂಗಿಸಿದ್ದರು. ಅದರ ಕೆಳಗೇ ಮೂವತ್ತು ಜನರ ಸಾಲು.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಕಣ್ಣಿಗೆ ಬಿದ್ದದ್ದು ಆರ್. ಶಾಮಶಾಸ್ತ್ರಿಗಳಿಗೆ. ಅವರು ಅಲ್ಲಿನ ಲೈಬ್ರರಿಯನ್! ಈ ಮಾತನ್ನು ನಾನು ಪ್ರತಿ ವರ್ಷ ಆಗಸ್ಟ್ 12ರ ಗ್ರಂಥಪಾಲಕರ ದಿನ ಹೇಳುತ್ತಿದ್ದೆ, ಪ್ರಿನ್ಸಿಪಾಲರು ಪ್ರತಿ ವರ್ಷ ಆಕಳಿಸುತ್ತಿದ್ದರು.


ಕಡತದ ಧೂಳು
ಬುಧವಾರ, ಬೆಳಿಗ್ಗೆ 9:10

ಚಿಕ್ಕದಾಗಿ ಎರಡು. ನಿಮ್ಮ ವಿಷಯದ ಮೇಲೆ ಬೇರೆಯವರು ಪಿಎಚ್‌ಡಿ ಮಾಡಿದ್ದಾರಾ ಅಂತ ‘ಶೋಧಗಂಗಾ’ ಅನ್ನುವ ವೆಬ್‌ಸೈಟಿನಲ್ಲಿ ನೋಡಿ. ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಬೇರೆಯವರ ಗ್ರಂಥಋಣವೇ ನಿಮಗೆ ಮೊದಲ ದಾರಿ.

ಇನ್ನೊಂದು, ಐಎಸ್‌ಎಸ್‌ಎನ್. ಅದು ಪತ್ರಿಕೆಯ ಎಂಟಂಕಿಯ ಗುರುತು ಅಷ್ಟೇ. "ನಮ್ಮ ಜರ್ನಲ್‌ಗೆ ಐಎಸ್‌ಎಸ್‌ಎನ್ ಇದೆ, ದುಡ್ಡು ಕಟ್ಟಿ, ಹತ್ತು ದಿನದಲ್ಲಿ ಹಾಕುತ್ತೇವೆ" ಅಂತ ಮೆಸೇಜ್ ಬಂದರೆ ಅಳಿಸಿ. ಪಿಯರ್ ರಿವ್ಯೂ ಅಂದರೆ ಅದೇ ವಿಷಯ ಬಲ್ಲವರು ಓದಿ, ತಪ್ಪು ಹಿಡಿದು, ತಿದ್ದಿಸಿ ಆಮೇಲೆ ಅಚ್ಚಿಗೆ ಬಿಡುವುದು. ಆ ಎಂಟಂಕಿಗೂ ಇದಕ್ಕೂ ಸಂಬಂಧ ಇಲ್ಲ. ನನ್ನ ಮೊದಲ ಲೇಖನದಲ್ಲಿ ನಾನು ಮೋಸ ಹೋದೆ, ಅದಕ್ಕೇ ಹೇಳಿದೆ.


ಚನ್ನರಾಯಪಟ್ಟಣದವಳು
ಶನಿವಾರ, ಸಂಜೆ 7:45

ಈವತ್ತು ಮತ್ತೆ ಹೋದೆ. ಚೀಟಿಯಲ್ಲಿ ಕಾಲ್ ನಂಬರ್ ಬರೆದುಕೊಂಡು. 954.87 ನೋಡಿದೆ, 363.8 ನೋಡಿದೆ, ಆಮೇಲೆ 915.487. ರೈಸ್ ಸಿಕ್ಕಿದರು, 1897ರದ್ದೇ, ಕಂದು ಬಣ್ಣದ ಬೈಂಡು. ಕೌಂಟರಿನವರು ಬಾಯಿ ತೆಗೆಯುವ ಮುಂಚೆಯೇ "ಇದು ರೆಫರೆನ್ಸ್, ಗೊತ್ತು ಸರ್, ಇಲ್ಲೇ ಕೂತು ನೋಡ್ತೀನಿ" ಅಂದೆ. ಮೊನ್ನೆ ನಕ್ಕಿದ್ದವರೇ ಫ್ಯಾನ್ ಕೆಳಗಿನ ಟೇಬಲ್ ತೋರಿಸಿದರು. ಬರದ ಬಗ್ಗೆ ಇರುವುದನ್ನೆಲ್ಲ ಆರು ಪುಟ ಬರೆದುಕೊಂಡೆ. ಕೈ ನೋಯುತ್ತಿದೆ, ಖುಷಿಯಾಗಿದೆ.


ಹಳೇ ಕೌಂಟರ್
ಶನಿವಾರ, ರಾತ್ರಿ 8:02

ಭೇಷ್. ಸಂಪುಟ, ಪುಟ ಸಂಖ್ಯೆ ಬರೆದುಕೊಂಡೆ ತಾನೇ?


ಚನ್ನರಾಯಪಟ್ಟಣದವಳು
ಶನಿವಾರ, ರಾತ್ರಿ 8:15

...ಸೋಮವಾರ ಮತ್ತೆ ಹೋಗುತ್ತೇನೆ ಸರ್.